ಅಂಬಿಕೆಯ ಮೌನ: ಗರ್ಭ, ನ್ಯೂನತೆ ಮತ್ತು ಬಾಳಿನ ಬೆಲೆಯನ್ನು ಕುರಿತ ಒಂದು ಮರು ಓದು

ಗರ್ಭಪಾತವನ್ನು ಕುರಿತ ಚರ್ಚೆ ನಮ್ಮಲ್ಲಿ ಬಹುಮಟ್ಟಿಗೆ ವೈದ್ಯಶಾಸ್ತ್ರ ಹಾಗೂ ನ್ಯಾಯಶಾಸ್ತ್ರಗಳ ಪರಿಭಾಷೆಯಲ್ಲಿಯೇ ನಡೆಯುತ್ತ ಬಂದಿದೆ. ಸಾಹಿತ್ಯದ ಅಭ್ಯಾಸಿಗಳು ಅದರಲ್ಲಿ ಪಾಲುಗೊಂಡಾಗಲೂ ಪ್ರಾಚೀನ ಕೃತಿಗಳಿಂದ ಒಂದೆರಡು ನಿದರ್ಶನಗಳನ್ನು ಆಯ್ದು, ಯಾವುದಾದರೊಂದು ಪಕ್ಷದ ಸಾಕ್ಷಿಯಾಗಿ ಅವನ್ನು ಕಟಕಟೆಯಲ್ಲಿ ನಿಲ್ಲಿಸುವುದೇ ಹೆಚ್ಚು. ಹೀಗೆ ನಿಲ್ಲಿಸಿದ ಕೃತಿ ನಾವು ಹೇಳಿಸಿದ್ದನ್ನಷ್ಟೇ ಹೇಳುತ್ತದೆ. ಪ್ರಸ್ತುತ ಲೇಖನದಲ್ಲಿ ಎರಡು ಪ್ರಸಂಗಗಳನ್ನು ಅವುಗಳ ಸಂದರ್ಭದಲ್ಲಿಯೇ ಇಟ್ಟು ನೋಡಿ, ಇಂದಿನ ವಾದದಲ್ಲಿ ಬೆರೆತುಹೋಗಿರುವ ಎರಡು ಪ್ರಶ್ನೆಗಳನ್ನು ಬಿಡಿಸಲು ಯತ್ನಿಸಿದ್ದೇವೆ. ಹೆರುವ, ಹೆರದಿರುವ ನಿರ್ಧಾರ ಯಾರದು ಎಂಬುದು ಮೊದಲನೆಯದು. ನ್ಯೂನತೆಯಿಂದ ಕೂಡಿದ ಬಾಳು ಬಾಳಲು ಯೋಗ್ಯವೇ ಎಂಬುದು ಎರಡನೆಯದು.

ಮೊದಲು ಭಾರತದ ಆದಿಪರ್ವವನ್ನು ಗಮನಿಸೋಣ. ಪಂಪನೂ ಕುಮಾರವ್ಯಾಸನೂ ತಮ್ಮದಾಗಿಸಿಕೊಂಡ ಕಥೆಯಿದು. ವಿವರಗಳನ್ನು ಇಲ್ಲಿ ವ್ಯಾಸಭಾರತದಿಂದ ತೆಗೆದುಕೊಂಡಿದ್ದೇವೆ. ವಿಚಿತ್ರವೀರ್ಯ ಸಂತಾನವಿಲ್ಲದೆ ತೀರಿಕೊಂಡಾಗ ಸತ್ಯವತಿ ತನ್ನ ಕಾನೀನ ಪುತ್ರ ವ್ಯಾಸನನ್ನು ನೆನೆಯುತ್ತಾಳೆ. ಸೊಸೆಯಂದಿರು ಒಂದು ವರ್ಷ ವ್ರತನಿಷ್ಠರಾಗಿರಲಿ ಎಂದು ವ್ಯಾಸ ಸೂಚಿಸಿದರೂ ಆಕೆ ಒಪ್ಪುವುದಿಲ್ಲ. ಅರಸನಿಲ್ಲದ ನಾಡು ಅಷ್ಟು ಕಾಲ ಕಾಯಲಾರದು. ಅಂಬಿಕೆಗೆ ತಿಳಿಸಿದ್ದು ಮೈದುನನೊಬ್ಬ ಬರುತ್ತಾನೆಂಬಷ್ಟನ್ನು ಮಾತ್ರ. ಬಂದ ತಪಸ್ವಿಯ ಕೆಂಜೆಡೆಯನ್ನೂ ಉರಿಗಣ್ಣುಗಳನ್ನೂ ಕಂಡು ಆಕೆ ಭಯದಿಂದ ಕಣ್ಣು ಮುಚ್ಚುತ್ತಾಳೆ. ಹೊರಬಂದ ವ್ಯಾಸ, ಹುಟ್ಟುವ ಮಗು ಮಹಾಬಲಶಾಲಿಯೂ ವಿದ್ವಾಂಸನೂ ಆಗುವನು, ಆದರೆ ತಾಯಿಯ ದೋಷದಿಂದ ಕುರುಡನಾಗುವನು ಎಂದು ಸತ್ಯವತಿಗೆ ಹೇಳುತ್ತಾನೆ. ಕುರುಡನಾದವನು ಕುರುಕುಲದ ಅರಸನಾಗಲು ತಕ್ಕವನಲ್ಲ, ಇನ್ನೊಬ್ಬನನ್ನು ಕೊಡು ಎಂಬುದು ಆಕೆಯ ಉತ್ತರ.

ಗರ್ಭದಲ್ಲಿರುವಾಗಲೇ ಶಿಶುವಿನ ನ್ಯೂನತೆಯನ್ನು ತಿಳಿದು, ಅದರ ಆಧಾರದ ಮೇಲೆ ತೀರ್ಮಾನವೊಂದನ್ನು ಕೈಗೊಂಡ ಪ್ರಸಂಗವಾಗಿ ಇದನ್ನು ಓದಬಹುದು. ಹೀಗೆ ಓದಿದಾಗ ಮೂರು ಸಂಗತಿಗಳು ಎದ್ದು ಕಾಣುತ್ತವೆ. ಒಂದು, ಸತ್ಯವತಿ ಈ ಮಗು ಬೇಡವೆನ್ನುವುದಿಲ್ಲ. ಈ ಮಗು ಸಾಲದು ಎನ್ನುತ್ತಾಳೆ. ಧೃತರಾಷ್ಟ್ರನ ಬಾಳು ಅವನಿಗೆ ಸುಖವೋ ದುಃಖವೋ ಎಂಬ ವಿಚಾರ ಅಲ್ಲಿ ಏಳುವುದೇ ಇಲ್ಲ. ಅಳತೆಗೋಲು ಸಿಂಹಾಸನದ್ದು. ಎರಡು, ನ್ಯೂನತೆಯ ಹೊಣೆಯನ್ನು ತಾಯಿಯ ಮೇಲೆ ಹೊರಿಸಲಾಗಿದೆ. ಮೂರು, ವರದಿ ಒಪ್ಪಿಸಿದವನು ವ್ಯಾಸ, ಕೇಳಿದವಳು ಸತ್ಯವತಿ. ಬಸಿರು ಹೊತ್ತ ಅಂಬಿಕೆ ಆ ಸಂಭಾಷಣೆಯಲ್ಲಿ ಇಲ್ಲ. ಮತ್ತೊಮ್ಮೆ ತನ್ನನ್ನು ನಿಯೋಗಿಸಿದಾಗ ಆಕೆ ದಾಸಿಯೊಬ್ಬಳನ್ನು ಸಿಂಗರಿಸಿ ಕಳುಹಿಸುತ್ತಾಳೆ. ಕಣ್ಣು ಮುಚ್ಚಿದ್ದಾಗಲಿ ದಾಸಿಯನ್ನು ಕಳುಹಿಸಿದ್ದಾಗಲಿ ಬಾಯಿಂದ ಆಡಲಾಗದ ನಿರಾಕರಣೆಯೇ ಆಗಿದೆ. ಆ ನಿರಾಕರಣೆಯ ಭಾರ ಇನ್ನೊಬ್ಬ ಅಸಹಾಯಕ ಹೆಣ್ಣಿನ ಮೇಲೆ ಬಿದ್ದಿತೆಂಬುದನ್ನೂ ಮರೆಯುವಂತಿಲ್ಲ.

ಇಂದಿನ ವಾದದಲ್ಲಿ ತಾಯಿಯನ್ನೂ ಗರ್ಭಸ್ಥ ಶಿಶುವನ್ನೂ ಪ್ರತಿವಾದಿಗಳಂತೆ ಎದುರುಬದುರು ನಿಲ್ಲಿಸುವುದು ರೂಢಿಯಾಗಿದೆ. ಆದಿಪರ್ವ ತೋರಿಸುವುದು ಬೇರೆಯ ಚಿತ್ರ. ಅಲ್ಲಿ ತಾಯಿಯನ್ನು ಕೇಳದಿರುವ ಶಕ್ತಿಯೂ ಮಗುವನ್ನು ಅಯೋಗ್ಯವೆನ್ನುವ ಶಕ್ತಿಯೂ ಒಂದೇ. ಅದು ಕುಲದ ಅಗತ್ಯ. ಈ ಇಬ್ಬರ ಮೌನವೂ ಒಂದೇ ಮೂಲದ್ದು ಎಂಬುದು ನಮ್ಮ ಪ್ರತಿಪಾದನೆ.

ವಡ್ಡಾರಾಧನೆಯ ಮೊದಲ ಕಥೆಯಾದ ಸುಕುಮಾರಸ್ವಾಮಿಯ ಕಥೆ ಇದಕ್ಕೆ ಪೂರಕವೂ ಪ್ರತಿಪಕ್ಷವೂ ಆಗಿದೆ. ಗುರುನಿಂದೆ ಮಾಡಿದ ವಾಯುಭೂತಿ ಹಲವು ತಿರ್ಯಗ್ಜನ್ಮಗಳನ್ನು ಕಳೆದು ಹುಟ್ಟುಗುರುಡಿಯೂ ದುರ್ಗಂಧೆಯೂ ಆದ ಚಂಡಾಲ ಬಾಲಿಕೆಯಾಗಿ ಹುಟ್ಟುತ್ತಾನೆ. ಪೂರ್ವಜನ್ಮದ ಅಣ್ಣ ಅಗ್ನಿಭೂತಿ ಮುನಿ ಆಕೆಯನ್ನು ಕಂಡಾಗ ಕಾರಣವರಿಯದೆಯೇ ಅವನಲ್ಲಿ ಮರುಕ ಹುಟ್ಟುತ್ತದೆ. ಆಕೆಯ ಆಯುಸ್ಸು ಮುಗಿಯುತ್ತ ಬಂದಿದೆಯೆಂದು ಗುರುವಿನಿಂದ ತಿಳಿದು ಅವನು ಆಕೆಗೆ ವ್ರತಗಳನ್ನು ಕೊಡುತ್ತಾನೆ. ಲೋಕದ ದೃಷ್ಟಿಯಲ್ಲಿ ಎಲ್ಲಕ್ಕಿಂತ ಕೆಳಗಿನ ಈ ಬಾಳಿನ ಕೊನೆಯ ದಿನವೂ ವ್ಯರ್ಥವಲ್ಲವೆಂದು ಕಥೆ ನಂಬುತ್ತದೆ. ಆ ಬಾಲಿಕೆ ವ್ರತ ಹಿಡಿಯಬಲ್ಲಳು. ಆದಕಾರಣ ಮಾತಿಗೆ ಪಾತ್ರಳು. ಸತ್ಯವತಿಯ ಅಳತೆಗೋಲಿಗೆ ಸಿಗದ ಬೆಲೆಯೊಂದನ್ನು ಮುನಿ ಇಲ್ಲಿ ಕಾಣುತ್ತಾನೆ.

ಆದರೆ ಈ ಕಥೆಯ ಮಿತಿಯನ್ನು ಮುಚ್ಚಿಡುವುದು ಪ್ರಾಮಾಣಿಕ ವಿಮರ್ಶೆಯಾಗದು. ಕುರುಡುತನ, ದುರ್ಗಂಧ, ಚಂಡಾಲತ್ವ, ಹೆಣ್ಣುಜನ್ಮ ಇವೆಲ್ಲವನ್ನೂ ಕಥೆ ಒಂದೇ ಪಾಪದ ಫಲಗಳೆಂಬಂತೆ ಪೋಣಿಸುತ್ತದೆ. ಬಾಳಿಗೆ ದೊರೆತ ಬೆಲೆಯೂ ಮುಂದಿನ ಜನ್ಮಕ್ಕೆ ಮೆಟ್ಟಿಲಾಗಿ ದೊರೆತದ್ದು. ನ್ಯೂನತೆಯುಳ್ಳ ಮಗು ಹುಟ್ಟಿದ ಮನೆಯಲ್ಲಿ ಇಂದಿಗೂ ಕೇಳಿಬರುವ ಕರ್ಮದ ಮಾತಿಗೆ ಇಂಥ ಕಥೆಗಳ ಬೆಂಬಲವಿದೆ. ಆದ್ದರಿಂದ ವಡ್ಡಾರಾಧನೆಯನ್ನು ಜೀವದಯೆಯ ಆಧಾರಗ್ರಂಥವೆಂದು ಗರ್ಭಪಾತದ ವಿರುದ್ಧ ಎತ್ತಿ ಹಿಡಿಯುವವರು ಅದರ ಕರುಣೆಯನ್ನು ಮಾತ್ರ ಆಯ್ದುಕೊಂಡು ಅದರ ತೀರ್ಪನ್ನು ಮರೆಯುವಂತಿಲ್ಲ.

ಈ ಎರಡು ಓದುಗಳ ಬೆಳಕಿನಲ್ಲಿ ನಮ್ಮ ಕಾಲದ ಶಾಸನವನ್ನೂ ಒಂದು ಪಠ್ಯವಾಗಿ ನೋಡಬಹುದು. 1971ರ ವೈದ್ಯಕೀಯ ಗರ್ಭಸಮಾಪ್ತಿ ಕಾಯಿದೆ ಸ್ತ್ರೀಯ ಪ್ರಾಣಕ್ಕೆ ಅಥವಾ ದೈಹಿಕ, ಮಾನಸಿಕ ಆರೋಗ್ಯಕ್ಕೆ ಒದಗುವ ಅಪಾಯವನ್ನು ಒಂದು ಆಧಾರವನ್ನಾಗಿಯೂ, ಹುಟ್ಟುವ ಮಗು ತೀವ್ರ ನ್ಯೂನತೆಗೆ ಒಳಗಾಗುವ ಸಂಭವವನ್ನು ಇನ್ನೊಂದು ಆಧಾರವನ್ನಾಗಿಯೂ ಅಕ್ಕಪಕ್ಕದಲ್ಲಿರಿಸಿತು. 2021ರ ತಿದ್ದುಪಡಿ ಕೆಲವು ವರ್ಗದ ಸ್ತ್ರೀಯರಿಗೆ ಕಾಲಮಿತಿಯನ್ನು 20 ವಾರಗಳಿಂದ 24 ವಾರಗಳಿಗೆ ಏರಿಸಿತು. ಭ್ರೂಣದಲ್ಲಿ ಗಣನೀಯ ನ್ಯೂನತೆಯಿದೆಯೆಂದು ವೈದ್ಯಕೀಯ ಮಂಡಲಿ ನಿರ್ಣಯಿಸಿದಲ್ಲಿ ಆ ಮಿತಿಯನ್ನೇ ತೆಗೆದುಹಾಕಿತು. ಹೀಗೆ ಮಿತಿ ಕರಗುವುದು ಭ್ರೂಣದ ಲಕ್ಷಣವನ್ನು ಅನುಸರಿಸಿ. ಸ್ತ್ರೀಯ ಇಚ್ಛೆ ಎಷ್ಟೇ ದೃಢವಾಗಿದ್ದರೂ ಅದೊಂದರಿಂದಲೇ ಕರಗದು. ವರದಿ ಮಂಡಲಿಯ ಕೈಯಲ್ಲಿದೆ. ವ್ಯಾಸನೂ ಸತ್ಯವತಿಯೂ ನಡೆಸಿದ ಸಂಭಾಷಣೆಯ ವಿನ್ಯಾಸ ಇಲ್ಲಿಯೂ ಪೂರ್ಣವಾಗಿ ಮರೆಯಾಗಿಲ್ಲ.

ಎರಡು ಪ್ರಕರಣಗಳು ಈ ಮಾತನ್ನು ಸ್ಪಷ್ಟಪಡಿಸುತ್ತವೆ. 2008ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂದ ದಂಪತಿಗಳು, ಭ್ರೂಣದ ಹೃದಯದಲ್ಲಿ ಗಂಭೀರ ದೋಷವಿರುವುದರಿಂದ ಗರ್ಭಸಮಾಪ್ತಿಗೆ ಅನುಮತಿ ಬೇಡಿದರು. ಅಂದಿನ 20 ವಾರಗಳ ಮಿತಿ ದಾಟಿತ್ತು, ಅನುಮತಿ ದೊರೆಯಲಿಲ್ಲ. 2009ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದಿದ್ದುದು ಇದಕ್ಕೆ ವಿಲೋಮವಾದ ಸಂದರ್ಭ. ಚಂಡೀಗಢದ ಸರಕಾರಿ ಆಶ್ರಯಧಾಮದಲ್ಲಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ, ಬೌದ್ಧಿಕ ನ್ಯೂನತೆಯುಳ್ಳ ಯುವತಿಯ ಗರ್ಭವನ್ನು ತೆಗೆಸಬೇಕೆಂದು ಉಚ್ಚ ನ್ಯಾಯಾಲಯ ಆದೇಶಿಸಿತ್ತು. ಆಕೆಗೆ ಮಗು ಬೇಕಾಗಿತ್ತು. ಆಕೆಯ ಸಮ್ಮತಿಯಿಲ್ಲದೆ ಗರ್ಭ ತೆಗೆಯುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ ತಡೆಯಿತು. ಯಾವ ಬಾಳನ್ನು ನಾವು ಕಷ್ಟದ ಬಾಳೆಂದು ದೂರದಿಂದ ಅಳೆಯುತ್ತೇವೆಯೋ ಆ ಬಾಳನ್ನು ಬಾಳುತ್ತಿರುವವಳೇ ಇಲ್ಲಿ ತಾಯಿ. ತಾಯಿಯ ಮೌನ, ನ್ಯೂನತೆಯುಳ್ಳವರ ಮೌನ ಎಂಬ ಎರಡೂ ಒಬ್ಬಳಲ್ಲಿಯೇ ಕೂಡಿದ್ದವು. ಆಕೆಯ ಮಾತನ್ನು ಕೇಳಿದೊಡನೆ ಎರಡೂ ಒಟ್ಟಿಗೆ ಮುರಿದವು.

ಹೆಣ್ಣು ಭ್ರೂಣದ ಪ್ರಶ್ನೆಯಿಂದಲೂ ಕಲಿಯಬೇಕಾದದ್ದಿದೆ. ವರದಕ್ಷಿಣೆ, ಅವಮಾನಗಳಿಂದ ಹೆಣ್ಣಿನ ಬಾಳು ಕಷ್ಟದ್ದಾಗುವುದರಿಂದ ಅವಳು ಹುಟ್ಟದಿರುವುದೇ ಲೇಸೆಂಬ ವಾದ ನಮ್ಮಲ್ಲಿತ್ತು. 1994ರ ಪ್ರಸವಪೂರ್ವ ಪತ್ತೆ ತಂತ್ರಗಳ ಕಾಯಿದೆ ಆ ವಾದವನ್ನು ಒಪ್ಪಲಿಲ್ಲ. ಕಷ್ಟದ ಮೂಲ ಹೆಣ್ಣಿನಲ್ಲಿಲ್ಲ, ಸಮಾಜದಲ್ಲಿದೆ ಎಂಬ ತಿಳಿವಳಿಕೆ ಅದರ ಹಿಂದಿತ್ತು. ಇದೇ ತಿಳಿವಳಿಕೆಯನ್ನು ಕುರುಡುತನಕ್ಕೆ ಅನ್ವಯಿಸಲು ನಾವೇಕೆ ಹಿಂಜರಿಯುತ್ತೇವೆ? ಗದುಗಿನ ಪಂಚಾಕ್ಷರಿ ಗವಾಯಿಗಳ ಹೆಸರನ್ನು ಇಂಥಲ್ಲಿ ಎತ್ತುವುದುಂಟು. ಸಾಧಕರನ್ನು ತೋರಿಸಿ ಬಾಳಿನ ಬೆಲೆಯನ್ನು ರುಜುವಾತುಪಡಿಸುವುದೂ ಸಿಂಹಾಸನದ ಅಳತೆಗೋಲಿನ ಇನ್ನೊಂದು ರೂಪವೇ. ಹಾಡಲು ಬಾರದ ಕುರುಡನ ಗತಿಯೇನು ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ವೀರೇಶ್ವರ ಪುಣ್ಯಾಶ್ರಮದಿಂದ ಕಲಿಯಬೇಕಾದದ್ದು ಬೇರೆ. ಕಣ್ಣಿಲ್ಲದ ಮಕ್ಕಳಿಗೆ ಅಲ್ಲಿ ಅನ್ನ, ಆಶ್ರಯ, ವಿದ್ಯೆಗಳು ದೊರೆತವು. ಯಾರು ಗವಾಯಿಯಾಗುವರೆಂದು ತಿಳಿಯುವ ಮೊದಲೇ ದೊರೆತವು.

ಇಷ್ಟಾಗಿಯೂ ಎಲ್ಲ ನ್ಯೂನತೆಗಳನ್ನು ಒಂದೇ ಎನ್ನಲಾಗದು. ಮೆದುಳಿನ ಮುಖ್ಯ ಭಾಗವೇ ಬೆಳೆಯದ ಭ್ರೂಣ ಹುಟ್ಟಿದರೂ ಬದುಕಿ ಉಳಿಯದು. ಅಲ್ಲಿ ಬಾಳಿನ ಯೋಗ್ಯತೆಯ ಪ್ರಶ್ನೆಗೆ ಎಡೆಯೇ ಇಲ್ಲ. ಬದುಕಬಲ್ಲ ಮಗುವಿನ ವಿಷಯದಲ್ಲಿಯೂ ರಾತ್ರಿ ಎದ್ದು ನೋಡಿಕೊಳ್ಳುವವಳು, ಕೆಲಸ ಬಿಡಬೇಕಾಗುವವಳು, ತಾನು ಸತ್ತ ಮೇಲೆ ಈ ಮಗುವಿಗೆ ಯಾರು ಎಂದು ಕೊರಗುವವಳು ಹೆಚ್ಚಾಗಿ ತಾಯಿಯೇ. ಈ ಭಾರವನ್ನು ಹಂಚಿಕೊಳ್ಳದ ಸಮಾಜಕ್ಕೆ ಆಕೆಯ ನಿರ್ಧಾರವನ್ನು ಪಾಪವೆನ್ನುವ ಅಧಿಕಾರವಿಲ್ಲ. ತನಗಾಗದೆಂದು ಆಕೆ ಹೇಳಬಹುದು; ಅದು ತನ್ನ ದೇಹವನ್ನೂ ತನ್ನ ಶಕ್ತಿಯನ್ನೂ ಕುರಿತ ಮಾತು. ಇಂಥ ಬಾಳು ಬಾಳಲು ಯೋಗ್ಯವಲ್ಲವೆಂದು ಶಾಸನವೋ ಮಂಡಲಿಯೋ ಬಂಧುವರ್ಗವೋ ಹೇಳಿದಾಗ ಅದು ಈಗಾಗಲೇ ಬಾಳುತ್ತಿರುವ ಅಸಂಖ್ಯ ಜನರ ಮೇಲೆ ಕೊಟ್ಟ ತೀರ್ಪಾಗುತ್ತದೆ. ಮೊದಲನೆಯ ಮಾತನ್ನು ಕಾಪಾಡಲು ಎರಡನೆಯದರ ಆಸರೆ ಬೇಕಾಗಿಲ್ಲ.

ಧೃತರಾಷ್ಟ್ರನ ಬಾಳನ್ನು ಕಹಿಗೊಳಿಸಿದ್ದು ಕುರುಡುತನಕ್ಕಿಂತ ಹೆಚ್ಚಾಗಿ, ಅವನು ಹುಟ್ಟುವ ಮೊದಲೇ ಹೊರಬಿದ್ದ ಅನರ್ಹತೆಯ ತೀರ್ಮಾನ. ಹಿರಿಯನಾಗಿದ್ದೂ ಪಟ್ಟ ತಪ್ಪಿದ ಆ ಕಹಿ ಮಗನ ಹಟದಲ್ಲಿ ಮುಂದುವರಿಯಿತು. ಭಾರತಕಥೆಯನ್ನು ಬೋಧಿಸುವಾಗ ಮಾತೃದೋಷವೆಂಬ ಮಾತನ್ನು ಪ್ರಶ್ನಿಸದೆ ದಾಟುವುದು ನಮ್ಮ ತರಗತಿಗಳ ವಾಡಿಕೆ. ಅಲ್ಲಿ ಒಂದು ಕ್ಷಣ ತಡೆದು, ಅಂಬಿಕೆಯನ್ನು ಯಾರಾದರೂ ಕೇಳಿದ್ದರೇ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಓದಿನಿಂದ ಒದಗುವ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.