ಗವಿಯೊಳಗಿನ ಹನ್ನೆರಡು ವರ್ಷ

ಮಂಟೇಸ್ವಾಮಿ ಎಂಬ ಜನಪದ ಮಹಾಕಾವ್ಯದಲ್ಲಿ ಸಿದ್ದಪ್ಪಾಜಿ ಸಾಲು, ಎಂದರೆ ಅವನ ಕಥೆಯ ಭಾಗ, ಶುರುವಾಯಿತೆಂದರೆ ಕೂತವರೆಲ್ಲ ಹಲಗೂರಿನ ಪವಾಡಕ್ಕೆ ಕಾಯುತ್ತಾರೆ. ವಿಷ ಉಂಡು ಬದುಕಿದವನು, ಬೆಂಕಿಯಲ್ಲಿ ನಿಂತು ಬೇಯದವನು, ಸೊಕ್ಕಿದ ಕಮ್ಮಾರ ಪಾಂಚಾಳರ ಸೊಕ್ಕು ಮುರಿದವನು ಎಂದು ಹಾಡುಗಾರ ದನಿ ಏರಿಸುವಾಗ ಮುದುಕರಿಗೂ ನಿದ್ದೆ ಹಾರಿಹೋಗುತ್ತದೆ. ಆ ಭಾಗದ ಸೊಗಸು ದೊಡ್ಡದೇ. ಆದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅದಕ್ಕಿಂತ ಮೊದಲಿನ ಕಡೆ. ಹುಡುಗನೊಬ್ಬನನ್ನು ಗುರು ಬೆಟ್ಟದ ಗವಿಯಲ್ಲಿ ಕೂರಿಸಿ ಹೊರಟುಹೋಗುತ್ತಾನಲ್ಲ, ಆ ಹನ್ನೆರಡು ವರ್ಷದ ಕಡೆ. ಅಲ್ಲಿ ಪವಾಡವಿಲ್ಲ, ಜನವಿಲ್ಲ, ಗೆಲುವಂತೂ ಇಲ್ಲವೇ ಇಲ್ಲ. ಸಿದ್ದಪ್ಪಾಜಿ ಹುಟ್ಟಿದ್ದು ಮಾತ್ರ ಅಲ್ಲೇ.

ಈ ಕಾವ್ಯದ ನೆಲ ನಮ್ಮ ಕಣ್ಣಳತೆಯದು. ಮುಂದೆ ಸಿದ್ದಪ್ಪಾಜಿಯಾಗುವ ಹುಡುಗ ಕೆಂಪಣ್ಣನ ಹುಟ್ಟೂರು ಮದ್ದೂರು ಸೀಮೆಯ ನಿಡಘಟ್ಟ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಹೋಗುವವರು ಆ ಹೆಸರಿನ ಫಲಕವನ್ನು ಕ್ಷಣದಲ್ಲಿ ದಾಟಿಬಿಡುತ್ತಾರೆ. ಅವನು ಅಡಗಿದ್ದ ಕುಂದೂರು ಬೆಟ್ಟ, ಭಿಕ್ಷೆಗೆ ಹೋದ ಹಲಗೂರು, ಗುರು ಮಂಟೇಸ್ವಾಮಿ ಐಕ್ಯವಾದ ಬೊಪ್ಪೇಗೌಡನಪುರ ಮೂರೂ ಮಳವಳ್ಳಿ ತಾಲ್ಲೂಕಿನವು. ಕಡೆಗೆ ಅವನು ನೆಲೆಯಾದ ಚಿಕ್ಕಲ್ಲೂರು ಕಾವೇರಿಯ ಆಚೆ, ಕೊಳ್ಳೇಗಾಲ ಸೀಮೆಯಲ್ಲಿದೆ. ನಡೆಯಬಲ್ಲವನು ಕೆಲವೇ ದಿನಗಳಲ್ಲಿ ಕಾಲ್ನಡಿಗೆಯಲ್ಲೇ ಮುಗಿಸಬಹುದಾದ ದಾರಿ. ಕೆಂಪಣ್ಣನಿಗೆ ಅದನ್ನು ಸವೆಸಲು ಹನ್ನೆರಡು ವರ್ಷಕ್ಕೂ ಮಿಕ್ಕಿ ಹಿಡಿಯಿತು.

ಕಾವ್ಯವನ್ನು ಕಾಪಾಡಿಕೊಂಡು ಬಂದವರು ನೀಲಗಾರರು, ಮಂಟೇಸ್ವಾಮಿಯ ಹೆಸರಿನಲ್ಲಿ ದೀಕ್ಷೆ ಪಡೆದ ಒಕ್ಕಲುಗಳು. ದಲಿತರು ಹೆಚ್ಚು, ಜೊತೆಗೆ ಹಲವು ಜಾತಿಯವರೂ ಉಂಟು. ಮುಖ್ಯ ಹಾಡುಗಾರ ಒಂದು ಕೈಯಲ್ಲಿ ತಂಬೂರಿ ಮೀಟುತ್ತ ಇನ್ನೊಂದು ಕೈಯಲ್ಲಿ ಗಗ್ಗರ ಆಡಿಸುತ್ತಾನೆ. ಹಿಮ್ಮೇಳದವರು ಡಕ್ಕೆ, ತಾಳ ಹಿಡಿದು ಅವನ ಸೊಲ್ಲನ್ನು ಎತ್ತಿಕೊಳ್ಳುತ್ತಾರೆ. ಹಾಡು ನಿಂತ ಕಡೆ ಮಾತು, ಮಾತು ಸೋತ ಕಡೆ ಹಾಡು. ರಾತ್ರಿ ಊಟವಾದ ಮೇಲೆ ಹಿಡಿದ ಕಥೆ ಬೆಳ್ಳಿ ಮೂಡುವ ಹೊತ್ತಿಗೂ ನಡೆಯುತ್ತಲೇ ಇರುತ್ತದೆ. ಊರಿಂದೂರಿಗೆ, ಗಂಟಲಿಂದ ಗಂಟಲಿಗೆ ವಿವರ ಬದಲಾಗುತ್ತದೆ, ಕಥೆಯ ಬೆನ್ನುಮೂಳೆ ಬದಲಾಗದು. ಹಂಪಿ ಕನ್ನಡ ವಿಶ್ವವಿದ್ಯಾಲಯಕ್ಕಾಗಿ ಹಿ.ಚಿ. ಬೋರಲಿಂಗಯ್ಯನವರು ಈ ಕಾವ್ಯವನ್ನು ಸಂಪಾದಿಸಿಕೊಟ್ಟರು. ಎಚ್.ಎಸ್. ಶಿವಪ್ರಕಾಶರು ಇದೇ ಮಂಟೇಸ್ವಾಮಿಯನ್ನು ನಾಟಕವಾಗಿ ರಂಗಕ್ಕೆ ತಂದರು. ಓದಲು ಪುಸ್ತಕವಿದೆ, ನೋಡಲು ರಂಗವಿದೆ. ಆದರೆ ತಂಬೂರಿಯ ಶ್ರುತಿಯೊಳಗೆ ಈ ಕಥೆಗೆ ಬರುವ ತೂಕ ಬೇರೆ.

ಗುರು ನಿಡಘಟ್ಟಕ್ಕೆ ಬರುವಾಗ ಅವನ ರೂಪ ಹೇಗಿರುತ್ತದೆ? ಕಂಡವರು ಮೂಗು ಮುಚ್ಚಿಕೊಳ್ಳುವ ಹಾಗೆ. ಅದಕ್ಕೂ ಹಿಂದೆ ಕಲ್ಯಾಣದಲ್ಲಿ ಅವನು ಅದೇ ರೂಪದಲ್ಲಿ ನಿಂತಿದ್ದ. ಶರಣರ ಭಕ್ತಿ ಎಷ್ಟು ಗಟ್ಟಿ ಎಂದು ನೋಡಲು ಕೊಳೆ ಮೆತ್ತಿಕೊಂಡು ಹೋದ ಜಂಗಮನನ್ನು ಜನ ಅಟ್ಟಿದರು, ಅವನು ತಿಪ್ಪೆಯ ಮೇಲೆ ಕೂತ. ಧರೆಗೆ ದೊಡ್ಡವರು ಎಂದು ಕರೆಸಿಕೊಂಡವನು, ಪರಂಜ್ಯೋತಿ ಎಂದು ಕೈಮುಗಿಸಿಕೊಂಡವನು ತಿಪ್ಪೆಯ ಮೇಲೆ ಕೂತುಬಿಡುವುದನ್ನು ಈ ಕಾವ್ಯ ಕಥೆಯ ಬಾಗಿಲಲ್ಲೇ ಇಟ್ಟಿದೆ. ಇದರ ಬೆಲೆ ಮುಂದೆ ತಿಳಿಯುತ್ತದೆ. ಶಿಷ್ಯನನ್ನು ಕತ್ತಲೆಗೆ ತಳ್ಳುವ ಗುರು ತಾನು ಆ ಕತ್ತಲೆಯ ರುಚಿ ಕಂಡವನು. ತಾನು ಉಣ್ಣದ್ದನ್ನು ಮಗನಿಗೆ ಬಡಿಸಿದವನಲ್ಲ.

ಅವನು ಕೇಳುವುದು ಹೊನ್ನನ್ನಲ್ಲ, ಹೊಲವನ್ನಲ್ಲ. ಬಾಚಿ ಬಸವಯ್ಯ, ಮುದ್ದಮ್ಮನವರ ತುಂಬಿದ ಮನೆಯಿಂದ ಮಗ ಕೆಂಪಣ್ಣನನ್ನು ಶಿಶುಮಗನಾಗಿ ಕೇಳುತ್ತಾನೆ. ಹೆತ್ತವರು ಕೊಡಲೊಲ್ಲರು. ಮನೆಯ ಮೇಲೆ ಕಷ್ಟ ಬಂದು ಕೂರುತ್ತದೆ. ಆಗ ಒಪ್ಪುತ್ತಾರೆ, ಮತ್ತೆ ಹಿಂಜರಿಯುತ್ತಾರೆ. ಈ ಭಾಗದಲ್ಲಿ ಒಳ್ಳೆಯ ನೀಲಗಾರ ಅವಸರ ಮಾಡುವುದಿಲ್ಲ. ತಾಯಿಯ ಅಳುವನ್ನು ಅವನು ಪೂರಾ ಅಳುತ್ತಾನೆ. ದೇವರಿಗೆ ಕೊಟ್ಟ ಮಗ ತಾನೇ ಎಂದು ಅವಳ ಬಾಯಿ ಮುಚ್ಚಿಸುವುದಿಲ್ಲ. ಈ ಕಾವ್ಯದ ಮೇಲೆ ನನಗೆ ನಂಬಿಕೆ ಕೂತದ್ದು ಇಲ್ಲೇ. ದೇವರ ಕೆಲಸಕ್ಕೆ ಒಬ್ಬ ಮನುಷ್ಯ ಸಜ್ಜಾಗಲು ಒಂದು ಮನೆ ಎಷ್ಟು ಬೆಲೆ ತೆತ್ತಿತು ಎಂಬುದನ್ನು ಇದು ಮರೆಮಾಚುವುದಿಲ್ಲ. ನೋವನ್ನು ನೋವೆಂದೇ ಹಾಡುತ್ತದೆ, ಅದನ್ನು ತೊಳೆದು ಹೂ ಮುಡಿಸುವುದಿಲ್ಲ.

ಆಮೇಲೆ ಕುಂದೂರು ಬೆಟ್ಟ. ಮನೆ ಬಿಟ್ಟು ಬಂದ ಹುಡುಗನಿಗೆ ಗುರು ಮಂತ್ರ ಕಲಿಸಬಹುದಿತ್ತು, ಪಂಥದ ಲಾಂಛನವಾದ ಕಂಡಾಯ ಹೊರಿಸಿ ಮೆರವಣಿಗೆ ಮಾಡಿಸಬಹುದಿತ್ತು. ಅದೊಂದೂ ಇಲ್ಲ. ಗವಿಯೊಳಗೆ ಕೂರಿಸಿ, ಬಂಡೆ ಮುಚ್ಚಿ ಹೊರಟುಹೋಗುತ್ತಾನೆ. ಹನ್ನೆರಡು ವರ್ಷ. ಊರಲ್ಲಿ ಮಳೆ ಬಿತ್ತು, ರಾಗಿ ಬೆಳೆಯಿತು, ಜೊತೆಯ ಹುಡುಗರಿಗೆ ಮದುವೆಯಾಯಿತು, ಕುಲುಮೆಗಳಲ್ಲಿ ತಿದಿ ಒತ್ತಿದರು. ಇವನಿಗೆ ಕತ್ತಲೆಯೊಂದೇ. ಹಾಡುಗಾರ ಇಷ್ಟು ದೊಡ್ಡ ಕಾಲವನ್ನು ಕೆಲವೇ ಸೊಲ್ಲಿನಲ್ಲಿ ದಾಟಿಬಿಡುತ್ತಾನೆ, ಏಕೆಂದರೆ ಅಲ್ಲಿ ಹೇಳಲು ಏನೂ ನಡೆಯುವುದಿಲ್ಲ. ಆಗ ತಂಬೂರಿಯೊಂದೇ ಸ್ವಲ್ಪ ಹೊತ್ತು ಮೀಟುತ್ತಿರುತ್ತದೆ. ಮಾತಿಲ್ಲದ ಆ ಮೀಟು ಕೇಳುವವನ ಎದೆಯೊಳಗೆ ಹನ್ನೆರಡು ವರ್ಷವನ್ನು ತಾನೇ ಹಾಸುತ್ತದೆ.

ಗವಿಯಲ್ಲಿ ಕೆಂಪಣ್ಣನಿಗೆ ಏನಾಯಿತು? ಹೊಸ ವಿದ್ಯೆ ದೊರೆಯಿತು ಎಂದರೆ ಸುಲಭದ ಉತ್ತರವಾಗುತ್ತದೆ. ನನಗೆ ಕಾಣುವುದೇ ಬೇರೆ. ಅವನಿಂದ ಒಂದೊಂದೇ ಕಳಚಿತು. ಇಂಥವರ ಮಗ ಎಂಬ ಹೆಮ್ಮೆ ಕಳಚಿತು, ಕುಲದ ಕಟ್ಟು ಕಳಚಿತು. ನಾಲ್ಕು ಜನ ನನ್ನನ್ನು ಗುರುತಿಸಬೇಕು ಎಂಬ ಆಸೆ ಕಳಚಿತು. ಗುರು ಇವತ್ತು ಬಂದಾನು, ನಾಳೆ ಬಂದಾನು ಎಂದು ಎಣಿಸುವ ಚಪಲವೂ ಕೊನೆಗೆ ಕಳಚಿರಬೇಕು. ಸೇವೆಗೆ ಅಡ್ಡ ಬರುವಂಥವು ಇವೇ ತಾನೆ? ಹೆಸರಿನ ಹಂಬಲ ಇಟ್ಟುಕೊಂಡು ಸೇವೆಗೆ ಇಳಿದವನು ಮೊದಲ ಅವಮಾನಕ್ಕೇ ಜೋಳಿಗೆ ಎಸೆದು ಮನೆಗೆ ಬರುತ್ತಾನೆ. ಹನ್ನೆರಡು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದವನಿಗೆ ಅವಮಾನದ ಭಯ ಎಲ್ಲಿಂದ ಬರಬೇಕು?

ಅದರ ಪರೀಕ್ಷೆ ಹಲಗೂರಿನಲ್ಲಿ. ಗವಿಯಿಂದ ಹೊರಗೆ ಬಂದವನಿಗೆ ಗುರು ಹೇಳುವ ಮೊದಲ ದೊಡ್ಡ ಕೆಲಸವನ್ನು ನೋಡಿ. ಬೊಪ್ಪೇಗೌಡನಪುರದಲ್ಲಿ ಗುರುವಿನ ನೆಲೆ ಆಗಬೇಕು, ಅದಕ್ಕೆ ಕಬ್ಬಿಣ ಬೇಕು, ಹೋಗಿ ಹಲಗೂರಿನ ಪಾಂಚಾಳರಲ್ಲಿ ಭಿಕ್ಷೆ ಬೇಡಿ ತಾ. ಅಕ್ಕಿಯಲ್ಲ, ರಾಗಿಯಲ್ಲ, ಕಬ್ಬಿಣದ ಭಿಕ್ಷೆ! ಬೇಡುವವನಾದರೂ ಯಾರು? ಆಚಾರಿಗಳ ಮನೆಯಲ್ಲಿ ಹುಟ್ಟಿ, ಅಡಿಗಲ್ಲಿನ ಸದ್ದಿಗೆ ಕಣ್ಣುಬಿಟ್ಟ ಹುಡುಗ. ಅವನು ಇದ್ದಲ್ಲೇ ಇದ್ದಿದ್ದರೆ ಆ ಹೊತ್ತಿಗೆ ತಾನೇ ಒಂದು ಕುಲುಮೆಯ ಯಜಮಾನನಾಗಿ ನಾಲ್ಕು ಜನಕ್ಕೆ ಗುಳ ಕುಡುಗೋಲು ಮಾಡಿಕೊಡುತ್ತಿದ್ದ. ಈಗ ತನ್ನವರದೇ ಕುಲುಮೆಯ ಮುಂದೆ ಜೋಳಿಗೆ ಹಿಡಿದು ನಿಲ್ಲಬೇಕು. ಲೋಕದ ಲೆಕ್ಕದಲ್ಲಿ ಇದಕ್ಕಿಂತ ದೊಡ್ಡ ಸೋಲು ಇನ್ನೊಂದಿಲ್ಲ. ಊರು ಬಿಟ್ಟ ಮಗ ಬರಿಗೈಯಲ್ಲಿ, ಮೈಗೆಲ್ಲ ಕಪ್ಪುಧೂಳ್ತ ಎಂಬ ಭಸ್ಮ ಬಳಿದುಕೊಂಡು, ಕುಲದವರ ಬಾಗಿಲಿಗೆ ಬಂದು ನಿಂತ ಎಂದು ಜನ ಆಡಿಕೊಳ್ಳಲು ಇನ್ನೇನು ಬೇಕು?

ಗುರು ಯಾವುದಾದರೂ ದೂರದ ಊರಿಗೆ ಕಳಿಸಬಹುದಿತ್ತು. ಗುರುತಿಲ್ಲದವರ ಮುಂದೆ ತಲೆ ತಗ್ಗಿಸುವುದು ಅಷ್ಟು ಕಷ್ಟವಲ್ಲ. ಕಳಿಸಿದ್ದು ಎಲ್ಲಿ ತಲೆ ತಗ್ಗಿಸುವುದು ಹೆಚ್ಚು ಸುಡುತ್ತದೋ ಅಲ್ಲಿಗೆ. ಪಾಂಚಾಳರ ಮನೆ ತುಂಬ ಕಬ್ಬಿಣವಿದೆ, ಬಾಯಲ್ಲಿ ಮಾತ್ರ ಇಲ್ಲ. ಇಲ್ಲವೆಂದು ಆಣೆ ಇಡುತ್ತಾರೆ, ಹಂಗಿಸುತ್ತಾರೆ, ನೀನು ನಿಜವಾದ ಶರಣನಾದರೆ ತೋರಿಸು ಎಂದು ವಿಷ ಇಕ್ಕುತ್ತಾರೆ, ಬೆಂಕಿಗೆ ಒಡ್ಡುತ್ತಾರೆ. ಒಂದು ಪರೀಕ್ಷೆ ಮುಗಿದರೆ ಇನ್ನೊಂದು. ಕೆಂಪಣ್ಣ ಗೆಲ್ಲುತ್ತಾನೆ. ಆ ಗೆಲುವನ್ನು ನಾವು ಪವಾಡ ಎಂದು ಕೊಂಡಾಡುತ್ತೇವೆ. ನನ್ನ ಮಟ್ಟಿಗೆ ಆ ಪವಾಡಗಳಿಗಿಂತ ಮೊದಲಿನ ಪವಾಡವೊಂದಿದೆ. ಇಲ್ಲ ಎಂದ ಬಾಗಿಲಿನಿಂದ ಅವನು ಕದಲಲಿಲ್ಲ. ವಿಷ ಅರಗಿಸಿಕೊಳ್ಳುವುದಕ್ಕೆ ಮೊದಲೇ ಅವನು ಹಂಗಿನ ಮಾತು ಅರಗಿಸಿಕೊಂಡಿದ್ದ. ಗವಿಯ ಕತ್ತಲೆ ಅವನಿಗೆ ಕೊಟ್ಟ ಶಕ್ತಿ ಅದು.

ಗೆದ್ದಮೇಲೂ ಅವನು ಹಲಗೂರಿನ ಒಡೆಯನಾಗಿ ಉಳಿಯುವುದಿಲ್ಲ. ಕಬ್ಬಿಣ ಗುರುವಿಗೆ ಸೇರುತ್ತದೆ, ಇವನು ಹೊಳೆ ದಾಟಿ ಚಿಕ್ಕಲ್ಲೂರಿಗೆ ಹೋಗುತ್ತಾನೆ. ಅಲ್ಲಿ ಅವನ ಸೇವೆ ಎಂಥದೆಂದು ನೋಡಬೇಕಾದರೆ ಬನದ ಹುಣ್ಣಿಮೆಗೆ ನಡೆಯುವ ಜಾತ್ರೆಗೆ ಹೋಗಬೇಕು. ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ. ಬಿದಿರು ಕಟ್ಟಿ ಬಟ್ಟೆ ಸುತ್ತಿದ ಮಂಡಲಕ್ಕೆ ಬೆಂಕಿ ಹಚ್ಚುತ್ತಾರೆ, ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ದಿಕ್ಕಿಗೆ ಮಳೆ ಬೆಳೆ ಚೆನ್ನ ಎಂದು ರೈತರು ನಂಬುತ್ತಾರೆ. ಮುಡಿಸೇವೆಯ ದಿನ ಹರಕೆಯ ಮುಡಿ ಕೊಡುತ್ತಾರೆ. ನಾಲ್ಕನೇ ದಿನ ಪಂಕ್ತಿಸೇವೆ. ಬಿಡಾರ ಹೂಡಿದ ಒಕ್ಕಲುಗಳು ಅಡುಗೆ ಮಾಡಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುತ್ತಾರೆ, ಬಂದವರಿಗೆಲ್ಲ ಬಡಿಸುತ್ತಾರೆ. ಕಡೆಯ ದಿನದ ಸೇವೆ ಮುತ್ತತ್ತಿರಾಯನ ಹೆಸರಿನಲ್ಲಿ. ಮುತ್ತತ್ತಿ ಇರುವುದು ಹಲಗೂರಿನ ಕಡೆಗೇ. ಯಾವ ಸೀಮೆ ಅವನನ್ನು ಬಾಗಿಲಿನಿಂದ ಅಟ್ಟಲು ನೋಡಿತೋ ಆ ಸೀಮೆಯ ದೇವರಿಗೂ ಅವನ ಜಾತ್ರೆಯಲ್ಲಿ ಒಂದು ದಿನ ಮೀಸಲು. ಬಾಗಿಲಲ್ಲಿ ನಿಂತು ಇಲ್ಲ ಎನ್ನಿಸಿಕೊಂಡವನ ಹೆಸರಿನಲ್ಲಿ ಈಗ ಯಾರಿಗೂ ಇಲ್ಲ ಎನ್ನದ ಪಂಕ್ತಿ ಕೂರುತ್ತದೆ. ಹಸಿದು ನಿಂತವನಿಗಲ್ಲದೆ ಹಸಿದವರ ಸಾಲು ಎಷ್ಟು ಉದ್ದವೆಂದು ತಿಳಿಯುವುದು ಹೇಗೆ?

ಮರೆಯ ವರ್ಷಗಳು ಸೇವೆಗೆ ಸಜ್ಜುಮಾಡಿದ ಕಥೆ ಇದೊಂದೇ ಅಲ್ಲ. ಮದ್ದೂರು, ಮಳವಳ್ಳಿ ಇರುವ ಮಂಡ್ಯ ಜಿಲ್ಲೆಯದೇ ಇನ್ನೊಂದು ತುದಿಯಲ್ಲಿ ಮೇಲುಕೋಟೆ ಇದೆ. ಚೋಳ ರಾಜನ ಕಿರುಕುಳಕ್ಕೆ ಶ್ರೀರಂಗ ಬಿಟ್ಟು ಬಂದ ರಾಮಾನುಜರು ಹನ್ನೆರಡು ವರ್ಷ ಈ ನೆಲದಲ್ಲಿದ್ದರೆಂದು ಸಂಪ್ರದಾಯ ಹೇಳುತ್ತದೆ. ಮಠ, ಶಿಷ್ಯರು, ತಾವು ಪೂಜಿಸುತ್ತಿದ್ದ ರಂಗನಾಥ ಎಲ್ಲವನ್ನೂ ಬಿಟ್ಟು ಬಂದ ಆಚಾರ್ಯರು ಇಲ್ಲಿ ಚೆಲುವನಾರಾಯಣನ ಸನ್ನಿಧಿಯನ್ನು ನೆಲೆಗೊಳಿಸಿದರು, ಊರು ಹೊರಗಿಟ್ಟವರನ್ನು ತಿರುಕುಲದವರೆಂದು ಕರೆದು ದೇವಾಲಯದ ಒಳಗೆ ಬರಮಾಡಿಕೊಂಡರು. ತಾನು ಹೊರದಬ್ಬಿಸಿಕೊಂಡವನು ಹೊರಗಿನವರಿಗೆ ಬಾಗಿಲು ತೆರೆದದ್ದು ಆಕಸ್ಮಿಕವೆಂದು ನನಗೆ ಅನ್ನಿಸದು. ಬೈಬಲ್ಲಿನ ಮೋಶೆ ಐಗುಪ್ತದ ಅರಮನೆ ಬಿಟ್ಟು ಓಡಿ ಮಿದ್ಯಾನಿನಲ್ಲಿ ಮಾವನ ಕುರಿ ಕಾಯುತ್ತಿದ್ದಾಗಲೇ ದೇವರು ಅವನನ್ನು ಕರೆದದ್ದು. ಅಣ್ಣಂದಿರು ಬಾವಿಗೆ ತಳ್ಳಿದ ಯೋಸೇಫ ಸೆರೆಮನೆಯನ್ನೂ ಕಂಡು, ಬರಗಾಲದಲ್ಲಿ ಅದೇ ಅಣ್ಣಂದಿರಿಗೆ ಧಾನ್ಯ ಅಳೆದುಕೊಟ್ಟ. ಬೇರೆ ಬೇರೆ ನಾಡಿನ ನಂಬಿಗಸ್ತರು ತಮ್ಮತಮ್ಮ ನುಡಿಯಲ್ಲಿ ಕಂಡುಕೊಂಡದ್ದನ್ನು ನೀಲಗಾರರು ಮಳವಳ್ಳಿಯ ನುಡಿಯಲ್ಲಿ ಕಂಡುಕೊಂಡಿದ್ದಾರೆ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸೋತವರೆಲ್ಲ ಸಿದ್ಧರಾಗುತ್ತಾರೆಂದು ಈ ಕಾವ್ಯ ಹೇಳುವುದಿಲ್ಲ. ಬಡವನನ್ನು ಬಡತನದಲ್ಲೇ ಇರು, ಅದರಿಂದ ನಿನಗೆ ಒಳ್ಳೆಯದು ಎಂದು ಸುಮ್ಮನಾಗಿಸಲು ಇದನ್ನು ಯಾರೂ ಬಳಸಬಾರದು. ಹಾಗೆ ಬಳಸುವವರನ್ನು ಕಾವ್ಯ ಹಲಗೂರಿನ ಪಾಂಚಾಳರ ಜೊತೆ ಕೂರಿಸುತ್ತದೆ. ಅದು ಹೇಳುವುದು ಇಷ್ಟು: ಯಾರ ಲೆಕ್ಕಕ್ಕೂ ಬಾರದೆ ಕಳೆದ ವರ್ಷಗಳು ದೇವರ ಲೆಕ್ಕದಿಂದ ಬಿಟ್ಟುಹೋಗಿಲ್ಲ. ಪರೀಕ್ಷೆಯಲ್ಲಿ ನಪಾಸಾಗಿ ಮೂಲೆ ಹಿಡಿದ ಹುಡುಗ, ಬೆಳೆ ಕೈಕೊಟ್ಟು ಊರಲ್ಲಿ ಮುಖ ತೋರಿಸದ ರೈತ, ವರ್ಷಗಟ್ಟಲೆ ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡುತ್ತ ಯಾರ ಕಣ್ಣಿಗೂ ಬೀಳದೆ ಉಳಿದ ಸೊಸೆ, ಇವರಲ್ಲಿ ಯಾರು ಈ ಸಾಲನ್ನು ಕೇಳಿದರೂ ಅದು ಅವರ ಪಕ್ಕದಲ್ಲಿ ಬಂದು ಕೂರುತ್ತದೆ. ನಿನ್ನ ಗವಿಯನ್ನು ನಾನು ಬಲ್ಲೆ ಎನ್ನುತ್ತದೆ.

ಹಾಡುವವರ ಬದುಕಿಗೂ ಇದು ಹೊರತಲ್ಲ. ತಲೆಮಾರುಗಳ ಕಾಲ ಯಾವ ಸಾಹಿತ್ಯ ಚರಿತ್ರೆಯೂ ಹೆಸರು ಹಿಡಿದು ಬರೆಯದ ನೀಲಗಾರರು ಜೋಳಿಗೆ ಹಿಡಿದು ಊರೂರು ತಿರುಗಿ ಒಂದು ಮಹಾಕಾವ್ಯವನ್ನು ಎದೆಯಲ್ಲಿ ಹೊತ್ತು ತಂದರು. ಬಾಯಿಪಾಠದಲ್ಲಿ ಸಾವಿರಾರು ಸೊಲ್ಲು, ಕೈಯಲ್ಲಿ ಒಂದು ತಂಬೂರಿ. ಮರೆಯಲ್ಲಿದ್ದವನ ಕಥೆಯನ್ನು ಮರೆಯಲ್ಲಿದ್ದವರೇ ಉಳಿಸಿದರು.

ಈಗ ವೇದಿಕೆಯ ಕಾಲ. ಅರ್ಧ ಗಂಟೆಯಲ್ಲಿ ಮುಗಿಸಿ ಎಂದು ಸಂಘಟಕರು ಗಡಿಯಾರ ತೋರಿಸುತ್ತಾರೆ. ಹಾಡುಗಾರರು ಬೇರೆ ದಾರಿಯಿಲ್ಲದೆ ನಿಡಘಟ್ಟವನ್ನು, ಕುಂದೂರು ಬೆಟ್ಟವನ್ನು ಬಿಟ್ಟು ನೇರ ಹಲಗೂರಿಗೆ ಹಾರುತ್ತಾರೆ. ಚಪ್ಪಾಳೆ ಬೀಳುತ್ತದೆ, ಸಿದ್ದಪ್ಪಾಜಿ ಮಾತ್ರ ಮಾಯಗಾರನಾಗಿ ಕಾಣುತ್ತಾನೆ. ಗವಿ ಇಲ್ಲದ ಹಲಗೂರಿಗೆ ಅರ್ಥವಿಲ್ಲ, ಹಲಗೂರು ಇಲ್ಲದ ಪಂಕ್ತಿಸೇವೆಗೆ ಬೇರಿಲ್ಲ. ಆದ್ದರಿಂದ ಮನೆಯಲ್ಲಿ, ಊರಲ್ಲಿ ನೀಲಗಾರರನ್ನು ಕರೆಸಿ ಕಥೆ ಮಾಡಿಸುವವರಲ್ಲಿ ನನ್ನದೊಂದು ಬೇಡಿಕೆ: ರಾತ್ರಿ ಪೂರ್ತಿ ಕೊಡಿ. ತಾಯಿಯ ಅಳು, ಬಂಡೆ ಮುಚ್ಚಿದ ಗವಿ, ಇಲ್ಲ ಎಂದ ಬಾಗಿಲು ಮೂರನ್ನೂ ಹಾಡಿಸಿ. ನಿಮ್ಮ ಮನೆಯ ಮಕ್ಕಳು ಎಳೆಯ ವಯಸ್ಸಿನಲ್ಲೇ ಅದನ್ನು ಕೇಳಿರಲಿ. ಅವರವರ ಹನ್ನೆರಡು ವರ್ಷ ಬಂದಾಗ, ಇದು ಮುಗಿದುಹೋದ ಬಾಳಲ್ಲ, ನನ್ನ ಕೆಲಸಕ್ಕೆ ನಾನು ಸಜ್ಜಾಗುತ್ತಿರುವ ಕಾಲ ಎಂದು ಹೇಳಿಕೊಳ್ಳುವ ಧೈರ್ಯ ಅವರಿಗಿರಲಿ.