ಗುಡ್ಡದ ಭೂತ ಮತ್ತು ನಮ್ಮ ಊಹೆಗಳು

ದೂರದರ್ಶನದಲ್ಲಿ ‘ಗುಡ್ಡದ ಭೂತ’ ಧಾರಾವಾಹಿ ಬರುತ್ತಿದ್ದ ಕಾಲ. ಸದಾನಂದ ಸುವರ್ಣರ ನಿರ್ದೇಶನ, ಎಳೆಯ ಪ್ರಕಾಶ್ ರೈ, ಅದೆಲ್ಲ ಸರಿ. ನನ್ನನ್ನು ಹಿಡಿದಿಟ್ಟದ್ದು ಶೀರ್ಷಿಕೆ ಗೀತೆ. ತುಳು ಜನಪದದ ಧಾಟಿ, ಜೋಗುಳದಂತೆ ತೂಗುವ ಲಯ. ಹೆದರಿಸಲು ಚೀರಾಟವೇ ಬೇಡ, ಜೋಗುಳ ತುಸು ಹೊತ್ತು ಮೀರಿ ಕೇಳಿಸಿದರೆ ಸಾಕು ಎಂಬುದನ್ನು ಅದನ್ನು ಕಟ್ಟಿದವರು ಬಲ್ಲರು. ಮೈ ಜುಮ್ಮೆನ್ನುತ್ತಿತ್ತು.

ಗುಡ್ಡದ ಮೇಲಿರುವುದು ನಿಜಕ್ಕೂ ಭೂತವೇ ಎಂದು ವಾರವಿಡೀ ಮನೆಯಲ್ಲಿ ಊಹೆಯೋ ಊಹೆ. ಅಜ್ಜಿಗೆ ಅದು ಖಂಡಿತ ಭೂತವೇ; ಅಣ್ಣನಿಗೆ ಆಸ್ತಿಗಾಗಿ ಯಾರೋ ಹೂಡಿದ ಆಟ. ನಾನು ಹಗಲು ಅಣ್ಣನ ಪಕ್ಷ, ಕತ್ತಲಾದ ಮೇಲೆ ಅಜ್ಜಿಯದು.

2015ರಲ್ಲಿ ‘ರಂಗಿತರಂಗ’ ಚಿತ್ರದಲ್ಲಿ ಆ ಧಾಟಿ ಮತ್ತೆ ಕೇಳಿಸಿತು. ಚಿತ್ರಮಂದಿರದ ಕತ್ತಲಲ್ಲಿ ನಾನು ತಕ್ಷಣ ಅಜ್ಜಿಯ ಪಕ್ಷ ಸೇರಿದೆ.