ಜನನ ಧ್ರುವೀಕರಣ ಪತ್ರ: ಹಿಂದೂಪುರ, ಕಲ್ಯಾಣದುರ್ಗಗಳ ಕನ್ನಡ ಮತ್ತು ಒಂದೇ ಅಚ್ಚಿನ ಪೋರ್ಟಲ್

ಆಡಳಿತದ ಜಾಲತಾಣವೊಂದನ್ನು ಸಾಹಿತ್ಯದ ವಿದ್ಯಾರ್ಥಿ ವಿಮರ್ಶೆಗೆ ಎತ್ತಿಕೊಳ್ಳುವುದು ವಿಚಿತ್ರವೆನಿಸಬಹುದು. ಆದರೆ ಗಡಿನಾಡಿನ ಕನ್ನಡಿಗರು ಓದಲೇಬೇಕಾದ ಪಠ್ಯ ಕಾವ್ಯವೂ ಅಲ್ಲ, ಕಾದಂಬರಿಯೂ ಅಲ್ಲ. ಆಸ್ತಿ ತೆರಿಗೆಯ ನೋಟೀಸು, ಜನನ ಮರಣಗಳ ನೋಂದಣಿ, ನೀರಿನ ಸಂಪರ್ಕದ ಅರ್ಜಿ.

2022ರ ಏಪ್ರಿಲ್‌ನಲ್ಲಿ ಆಂಧ್ರಪ್ರದೇಶದ ಜಿಲ್ಲೆಗಳು ಮರುವಿಂಗಡಣೆಯಾದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಜಿಲ್ಲೆ ಬೇರೆಯಾದರೂ ಪೋರ್ಟಲಿನ ಚೌಕಟ್ಟು ಒಂದೇ. ರಾಜ್ಯದ ಪುರಾಡಳಿತ ಇಲಾಖೆಯ ತಾಣದೊಳಗೆ ಪ್ರತಿ ಪುರಸಭೆಗೂ ಒಂದೊಂದು ಉಪತಾಣವಿದೆ. ಊರಿನ ಹೆಸರು ಬದಲಾಗುತ್ತದೆ, ಅಚ್ಚು ಬದಲಾಗುವುದಿಲ್ಲ. ಭಾಷೆಗಳು ಎರಡು: ಇಂಗ್ಲಿಷ್ ಮತ್ತು ತೆಲುಗು. ಹಿಂದೂಪುರದ ಸಮೀಪದ ಲೇಪಾಕ್ಷಿಯಲ್ಲಿ ಕನ್ನಡ ಶಾಸನಗಳಿವೆ. ಮಡಕಶಿರೆಯ ಆಚೆಗಿನ ಹೇಮಾವತಿ ನೊಳಂಬರ ರಾಜಧಾನಿ ಹೆಂಜೇರು. ಆದರೆ ಈ ವೈಭವವನ್ನು ಸಾಕ್ಷಿಗೆ ಕರೆಯುವ ನಮ್ಮ ರೂಢಿ ಇಲ್ಲಿ ಹೆಚ್ಚು ಪ್ರಯೋಜನಕ್ಕೆ ಬಾರದು. ಪ್ರಶ್ನೆ ಇಂದಿನ ಅರ್ಜಿದಾರರದು.

ಅವರಿಗೆ ತೆಲುಗು ಬರುತ್ತದಲ್ಲ ಎಂಬುದು ಸಾಮಾನ್ಯ ಆಕ್ಷೇಪ. ಬರುತ್ತದೆ, ಸಂತೆಯಲ್ಲಿ. ಕನ್ನಡ ಶಾಲೆಯಲ್ಲಿ ಓದಿದವರು ತೆಲುಗು ಲಿಪಿಯನ್ನೂ ಒಂದಿಷ್ಟು ಬಿಡಿಸಿಕೊಳ್ಳಬಲ್ಲರು. ಎರಡೂ ಒಂದೇ ಬೇರಿನ ಲಿಪಿಗಳು. ತೊಡಕು ಹುಟ್ಟುವುದು ಈ ಸಾಮೀಪ್ಯದಿಂದಲೇ. ತೆಲುಗಿನ ‘ಜನನ ಧ್ರುವೀಕರಣ ಪತ್ರಂ’ ನಮ್ಮ ಜನನ ಪ್ರಮಾಣಪತ್ರ. ಕನ್ನಡದಲ್ಲಿ ಧ್ರುವೀಕರಣವೆಂದರೆ ಸಮಾಜ ಎರಡು ಪಾಳೆಯವಾಗುವುದು. ಅಲ್ಲಿ ಯಾವ ಅರ್ಜಿಯಾದರೂ ‘ದರಖಾಸ್ತು’. ಕರ್ನಾಟಕದ ಕಂದಾಯದ ಮಾತಿನಲ್ಲಿ ದರಖಾಸ್ತು ಎಂದರೆ ಸರ್ಕಾರಿ ಜಮೀನಿನ ಮಂಜೂರಾತಿಯ ಸಂಗತಿ. ‘ಚೆಲ್ಲಿಂಪು’ ಎಂದರೆ ಹಣ ಪಾವತಿ. ಕನ್ನಡದ ಕಿವಿಗೆ ಹಣವನ್ನು ಚೆಲ್ಲಿದಂತೆಯೇ ಕೇಳುತ್ತದೆ. (ಚೆಲ್ಲಿದ್ದೇ ನಿಜವೆಂದು ತೆರಿಗೆ ಕಟ್ಟುವವರು ಹೇಳಿಯಾರು.) ‘ಪುರಪಾಲಕ ಸಂಘಂ’ ಎಂಬುದು ಪುರಸಭೆಯೆಂದು ತಿಳಿಯುವ ಮೊದಲು ಯಾವುದೋ ನೌಕರರ ಸಂಘವಿರಬೇಕು ಎಂದುಕೊಂಡರೆ ಓದುಗರ ತಪ್ಪಲ್ಲ. ಪೂರ್ಣ ಅಪರಿಚಿತ ಪದ ಓದುಗರನ್ನು ತಡೆದು ನಿಲ್ಲಿಸುತ್ತದೆ, ಅವರು ಇನ್ನೊಬ್ಬರನ್ನು ಕೇಳುತ್ತಾರೆ. ಅರೆಪರಿಚಿತ ಪದ ತಡೆಯುವುದಿಲ್ಲ. ತಪ್ಪು ಖಾನೆಯೊಳಗೆ ಕರೆದೊಯ್ಯುತ್ತದೆ.

ಆದ್ದರಿಂದ ತಂತ್ರಜ್ಞರು ಸೂಚಿಸಬಹುದಾದ ಅಗ್ಗದ ಪರಿಹಾರವೊಂದನ್ನು ಮೊದಲೇ ನಿರಾಕರಿಸಬೇಕಾಗಿದೆ. ಯೂನಿಕೋಡ್‌ನಲ್ಲಿ ತೆಲುಗು ಮತ್ತು ಕನ್ನಡ ಅಕ್ಕಪಕ್ಕದ ವಿಭಾಗಗಳು. ತೆಲುಗಿನ ‘ಕ’ ಇರುವಲ್ಲಿಂದ 128 ಸ್ಥಾನ ಮುಂದೆ ಸರಿದರೆ ಕನ್ನಡದ ‘ಕ’ ಸಿಗುತ್ತದೆ, ಬಹುತೇಕ ಅಕ್ಷರಗಳೂ ಹಾಗೆಯೇ. ಕ್ಷಣದಲ್ಲಿ ಇಡೀ ತಾಣ ಕನ್ನಡ ಲಿಪಿಯಲ್ಲಿ ಕಾಣಿಸಿಕೊಂಡೀತು, ಧ್ರುವೀಕರಣ ಪತ್ರದ ಸಮೇತ. ಅದು ಲಿಪ್ಯಂತರ, ಅನುವಾದವಲ್ಲ.

ಕಾನೂನಿನ ಕಡೆ ನೋಡೋಣ. ಸಂವಿಧಾನದ 350ನೆಯ ವಿಧಿಯಂತೆ ಒಕ್ಕೂಟದಲ್ಲಿ ಅಥವಾ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಹವಾಲು ಸಲ್ಲಿಸಬಹುದು. ಉತ್ತರ ಯಾವ ಭಾಷೆಯಲ್ಲಿ ಬರಬೇಕೆಂದು ವಿಧಿ ಹೇಳುವುದಿಲ್ಲ. 1956ರ ಕೇಂದ್ರದ ರಕ್ಷಣೋಪಾಯ ಪತ್ರ ಇನ್ನೊಂದು ಹೆಜ್ಜೆ ಮುಂದಿಟ್ಟಿತು: ಜಿಲ್ಲೆಯಲ್ಲಿ, ಅಥವಾ ತಾಲ್ಲೂಕು, ಪುರಸಭೆಗಳಂಥ ಸಣ್ಣ ಪ್ರದೇಶದಲ್ಲಿ ಭಾಷಾ ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿದ್ದರೆ ಮುಖ್ಯ ಸೂಚನೆಗಳನ್ನು ಅವರ ಭಾಷೆಯಲ್ಲಿಯೂ ಪ್ರಕಟಿಸುವುದು ಉಚಿತವೆಂದಿತು. ಇಲ್ಲಿ ಪುರಸಭೆಯೇ ಎಣಿಕೆಯ ಘಟಕವಾಗಬಹುದು ಎಂಬುದು ಗಮನಾರ್ಹ. ಸಾಮಾನ್ಯ ಪೋರ್ಟಲ್ ಸದ್ದಿಲ್ಲದೆ ಈ ಘಟಕವನ್ನೇ ಅಳಿಸಿದೆ. ಭಾಷೆಯ ತೀರ್ಮಾನ ಈಗ ರಾಜ್ಯಮಟ್ಟದ ಅಚ್ಚಿನಲ್ಲಿ ಆಗುತ್ತದೆ, ಆ ಮಟ್ಟದಲ್ಲಿ ಕನ್ನಡಿಗರು ಎಣಿಕೆಗೇ ಸಿಗದಷ್ಟು ಕಡಿಮೆ. ಯಾರೂ ಕನ್ನಡವನ್ನು ನಿರಾಕರಿಸಲಿಲ್ಲ. ಕೇಳಬೇಕಾದ ಸ್ಥಳವೇ ಕಾಣೆಯಾಯಿತು.

ಇದೇ ಅಚ್ಚು ಕನ್ನಡಕ್ಕೆ ಅನುಕೂಲವೂ ಆಗಬಲ್ಲದು ಎಂಬುದನ್ನು ನಮ್ಮ ಗಡಿನಾಡ ಸಂಘಟನೆಗಳು ಯೋಚಿಸಬೇಕು. ವಾಕ್ಯಗಳು ಎಲ್ಲ ಊರಿಗೂ ಒಂದೇ ಆಗಿರುವುದರಿಂದ ಒಮ್ಮೆ ಮಾಡಿದ ಕನ್ನಡ ಅನುವಾದ ಹಿಂದೂಪುರಕ್ಕೆ, ಕಲ್ಯಾಣದುರ್ಗಕ್ಕೆ ಮಾತ್ರವಲ್ಲ, ರಾಯದುರ್ಗ, ಆದೋನಿಗಳಿಗೂ ಸಲ್ಲುತ್ತದೆ. ಊರಿಗೊಂದು ಅನುವಾದದ ಹೊರೆ ಇಲ್ಲ. ಉಳಿಯುವ ಪ್ರಶ್ನೆ ಯಾವ ಕನ್ನಡ ಎಂಬುದು. ಬೆಂಗಳೂರಿನ ಕಚೇರಿಯ ‘ಪಾವತಿಸತಕ್ಕದ್ದು’ ಇಲ್ಲಿಗೆ ಬಂದರೆ ಚೆಲ್ಲಿಂಪಿಗಿಂತ ಹತ್ತಿರವಾದೀತೆಂದು ನನಗನ್ನಿಸುವುದಿಲ್ಲ. ‘ಮನೆ ಕಂದಾಯ ಕಟ್ಟಿ’, ‘ಕೊಳಾಯಿ ಹಾಕಿಸಿಕೊಳ್ಳಲು ಅರ್ಜಿ’ ಎಂದು ಬರೆದ ಕರಡೊಂದನ್ನು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಗೃಹಿಣಿಯೊಬ್ಬರ ಮುಂದಿಟ್ಟು, ಅವರು ಎಲ್ಲಿ ತಡೆದು ನಿಲ್ಲುತ್ತಾರೆಂದು ಗುರುತು ಹಾಕಿಕೊಂಡು, ಆಮೇಲೆ ಅದನ್ನು ಇಲಾಖೆಗೆ ಕಳುಹಿಸಬೇಕು.